ನನ್ನ ಎದೆಯ ಮಾದರಿ ಉತ್ತರ

ಫೆಬ್ರವರಿ ೩

ಮಾರಾಟವಾಗದೆ ಉಳಿದ ಡೈರಿಗಳಲ್ಲಿ ಒಂದನ್ನು ಪ್ರಕಾಶಕರು ನನಗೆ ಕೊಟ್ಟರು. ಜನವರಿಯ ಪುಟಗಳನ್ನು ಗೆದ್ದಲು ತಿಂದಿದೆ, ಹಾಗಾಗಿ ಫೆಬ್ರವರಿಯಿಂದ ಶುರು. ಅವರ ಬಳಿ ನನ್ನ ಕೆಲಸ ಪರೀಕ್ಷಾ ಗೈಡುಗಳಿಗೆ ಮಾದರಿ ಉತ್ತರ ಬರೆಯುವುದು. ಕವಿಯ ಆಶಯವೇನು? ಎರಡು ಅಂಕಕ್ಕಾದರೆ ಎರಡು ವಾಕ್ಯ, ಹತ್ತು ಅಂಕಕ್ಕಾದರೆ ಒಂದೂವರೆ ಪುಟ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದು ಹೀಗೆ ಉಪಯೋಗಕ್ಕೆ ಬಂತು. ನಾನು ಬರೆದದ್ದನ್ನು ಸಾವಿರಾರು ಮಕ್ಕಳು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತಾರೆ. ಅಂಥ ಓದುಗರು ಆ ಕವಿಗೇ ಸಿಕ್ಕಿರಲಿಕ್ಕಿಲ್ಲ.

ಇವತ್ತು ಹೃದಯದ ಡಾಕ್ಟರಮ್ಮನ ಬಳಿ ಹೋಗಿದ್ದೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಗಂಟಲು ನೋವು ಬಂತು, ಅದರ ಬೆನ್ನಿಗೆ ಜ್ವರ, ಜ್ವರದ ಬೆನ್ನಿಗೆ ಮೊಣಕಾಲಿನ ಊತ. ಎಲ್ಲವೂ ಬಂದ ಹಾಗೇ ಹೋದವು, ಹೋಗುವಾಗ ಮಾತ್ರ ಹೃದಯದ ಎಡಗಡೆಯ ಒಂದು ಕವಾಟವನ್ನು ಕೆಡಿಸಿಟ್ಟು ಹೋದವು. ಎರಡು ರೆಕ್ಕೆಯ ಬಾಗಿಲು, ಅಂಚುಗಳು ಅಂಟಿಕೊಂಡು ಅರ್ಧ ಮಾತ್ರ ತೆರೆಯುತ್ತದೆ. ರಕ್ತ ಅದರ ಸಂದಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನುಗ್ಗಬೇಕು. ನುಗ್ಗುವಾಗ ಒಂದು ಶಬ್ದ ಬರುತ್ತದೆ. ಅದರ ವಿಷಯ ಮುಂದೆ ಬರೆಯುತ್ತೇನೆ, ಅದು ನನ್ನ ಜೀವನದ ಏಕೈಕ ಸಾಧನೆ.

"ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಾ?" ಎಂದರು ಡಾಕ್ಟರಮ್ಮ.

"ಇಲ್ಲ ಮೇಡಂ."

"ಮನೆ ಎಷ್ಟನೇ ಮಹಡಿ?"

"ಮೂರನೇದು."

"ನಡುವೆ ಎಲ್ಲಾದ್ರೂ ನಿಲ್ತೀರಾ?"

"ಎರಡನೇ ಮಹಡೀಲಿ ಒಂದು ಗಿಡ ಇದೆ. ಅದನ್ನ ನೋಡ್ತೀನಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಬಲೂನಿನ ಮಾತೆತ್ತಿದರು. ತೊಡೆಯ ಸಂದಿನ ರಕ್ತನಾಳದಿಂದ ಒಂದು ತೆಳ್ಳನೆಯ ನಳಿಗೆ ಕಳಿಸಿ, ಅದರ ತುದಿಯ ಬಲೂನನ್ನು ಕವಾಟದ ನಡುವೆ ಉಬ್ಬಿಸಿ, ಅಂಟಿಕೊಂಡ ಅಂಚುಗಳನ್ನು ಬಿಡಿಸುತ್ತಾರಂತೆ. ಈ ತಿಂಗಳೇ ಆಗಬೇಕಂತೆ. ತಡವಾದರೆ ಹೃದಯದ ಮೇಲಿನ ಕೋಣೆ ಹಿಗ್ಗಿ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಮಾತೇ ನಿಂತು ಹೋಗಬಹುದು. ನನ್ನದು ಮೊದಲೇ ಮಾತು ಕಡಿಮೆ, ನಿಂತರೆ ಯಾರಿಗೂ ತಕ್ಷಣ ಗೊತ್ತಾಗಲಿಕ್ಕಿಲ್ಲ ಎನಿಸಿತು. ಹೇಳಲಿಲ್ಲ.

"ಮಾರ್ಚ್ ಪರೀಕ್ಷೆ ಮುಗೀಲಿ ಮೇಡಂ," ಎಂದೆ.

"ಯಾರ ಪರೀಕ್ಷೆ?"

"ಡಾಕ್ಟರಾಗೋರದ್ದು."

"ಅದಕ್ಕೂ ನಿಮಗೂ ಏನು ಸಂಬಂಧ?"

"ನಾನೇ ಪ್ರಶ್ನೆಪತ್ರಿಕೆ."

ಫೆಬ್ರವರಿ ೧೧

ಅಮ್ಮನಿಗೆ ಬಲೂನಿನ ವಿಷಯ ಹೇಳಿದೆ. ಅರ್ಧ ಗಂಟೆ ಬಟ್ಟೆ ಮಡಚಿದಳು. ಆಮೇಲೆ ಕೇಳಿದಳು.

"ಊದೋರು ಯಾರು?"

"ಡಾಕ್ಟರಮ್ಮ. ಬಾಯಲ್ಲಿ ಅಲ್ಲಮ್ಮ, ಸಿರಿಂಜಲ್ಲಿ."

"ಒಳಗೇ ಬಿಟ್ಟುಬಿಡ್ತಾರಾ?"

"ಇಲ್ಲ, ಗಾಳಿ ತೆಗೆದು ವಾಪಸ್ ಎಳ್ಕೋತಾರೆ. ಅಸಲಿಗೆ ಅದು ಗಾಳಿನೂ ಅಲ್ಲ, ನೀರು."

"ನೀರಾದ್ರೆ ಬಿಸಿ ಮಾಡಿರ್ತಾರಾ? ನಿನಗೆ ತಣ್ಣೀರು ಆಗೋಲ್ಲ."

ಅಕ್ಕ ಫೋನಿನಲ್ಲಿ, "ಹೋಗಿ ಮಾಡಿಸ್ಕೊಳೋ, ಹೆದರುಪುಕ್ಕಲ," ಎಂದಳು. ಹೆದರಿಕೆಯ ಪ್ರಶ್ನೆಯಲ್ಲ. ಪರೀಕ್ಷೆ ಮುಗಿಯಲಿ ಎಂದಷ್ಟೇ ಹೇಳಿದ್ದು.

ಫೆಬ್ರವರಿ ೧೭

ಶಬ್ದದ ವಿಷಯ. ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷೆಗೂ ಅದರ ಮುಂಚಿನ ತರಗತಿಗಳಿಗೂ ನಿಜವಾದ ರೋಗಿಗಳು ಬೇಕು. ಅಲ್ಲಿನ ಗುಮಾಸ್ತರ ಬಳಿ ಒಂದು ಪಟ್ಟಿ ಇದೆ. ಯಾರ ದೇಹದಲ್ಲಿ ಏನು ಸ್ಪಷ್ಟವಾಗಿ ಸಿಗುತ್ತದೆ ಎಂಬ ಪಟ್ಟಿ. ನಾನು ಹದಿನೇಳನೇ ವಯಸ್ಸಿನಿಂದ ಅದರಲ್ಲಿದ್ದೇನೆ. ಗುಮಾಸ್ತರು ನನ್ನನ್ನು 'ಕವಾಟ' ಎಂದೇ ಕರೆಯುತ್ತಾರೆ. "ಕವಾಟ, ಸೋಮವಾರ ಒಂಬತ್ತಕ್ಕೆ ಬಾ. ಬನಿಯನ್ ಒಗೆದದ್ದು ಹಾಕ್ಕೊಂಡು ಬಾ."

ಇವತ್ತೂ ಎಂಟು ಜನ ವಿದ್ಯಾರ್ಥಿಗಳ ಮುಂದೆ ಅಂಗಿ ಬಿಚ್ಚಿ ಎಡಕ್ಕೆ ಹೊರಳಿ ಮಲಗಿದೆ. ಬೀದಿಯಲ್ಲಿ ಯಾರಾದರೂ ಹೊತ್ತು ಎಷ್ಟು ಎಂದು ಕೇಳಿದರೆ ಬೆವರುವವನು ನಾನು. ಆದರೆ ಆ ಮಂಚದ ಮೇಲೆ ನಾಚಿಕೆಯಾಗುವುದಿಲ್ಲ. ಒಬ್ಬೊಬ್ಬರಾಗಿ ಕಿವಿಗೆ ಸ್ಟೆತೊಸ್ಕೋಪ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ನನ್ನನ್ನು ಕೇಳುತ್ತಾರೆ. ನನ್ನ ಬಾಯಿಂದ ಬಂದ ಯಾವುದನ್ನೂ ಯಾರೂ ಇಷ್ಟು ಗಮನವಿಟ್ಟು ಕೇಳಿದ್ದಿಲ್ಲ.

ಪಕ್ಕದ ಮಂಚದಲ್ಲಿ ಗುಲ್ಮದ ತಾತ. ಹೊಟ್ಟೆಯ ಎಡಮೂಲೆಯಲ್ಲಿ ಅಡಗಿರಬೇಕಾದ ಗುಲ್ಮ ಅವರಿಗೆ ಹೊಕ್ಕುಳಿನವರೆಗೆ ಬೆಳೆದಿದೆ. ಪಟ್ಟಿಯಲ್ಲಿ ಅವರೇ ಹಿರಿಯರು.

"ನನ್ನ ಗುಲ್ಮ ಮುಟ್ಟದೆ ಈ ಕಾಲೇಜಲ್ಲಿ ಒಬ್ಬನೂ ಡಾಕ್ಟರ್ ಆಗಿಲ್ಲ," ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. "ನಿಮ್ಮ ಮೇಷ್ಟ್ರೂ ಮುಟ್ಟಿದ್ದಾರೆ. ಆಗ ಅವರ ಕೈ ಐಸಿನ ಹಾಗಿತ್ತು. ಈಗ್ಲೂ ಹಾಗೇ ಇದೆ."

ವಿದ್ಯಾರ್ಥಿಗಳು ಮೊದಲು ನಮ್ಮ ಕಾಯಿಲೆಯ ಕಥೆ ಕೇಳಬೇಕು. ತಾತ ಮೂರು ವಾಕ್ಯದಲ್ಲಿ ಮುಗಿಸುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಗಂಟಲು ನೋವಿನಲ್ಲಿ ಆರಂಭಿಸಿ, ಮೊಣಕಾಲಿನಲ್ಲಿ ಕುತೂಹಲ ಕೆರಳಿಸಿ, ಕವಾಟವನ್ನು ಕೊನೆಗೆ ಬಯಲು ಮಾಡುತ್ತೇನೆ. ಇವತ್ತು ಮೊಣಕಾಲಿಗೆ ಬರುವಷ್ಟರಲ್ಲಿ ಒಬ್ಬ ನಿದ್ದೆ ಹೋದ.

ಫೆಬ್ರವರಿ ೧೮

ಎರಡನೇ ಮಹಡಿಯ ಗಿಡ ಹೊಸ ಎಲೆ ಬಿಟ್ಟಿದೆ. ತುಂಬ ಹೊತ್ತು ನೋಡಿದೆ. ಒಂದನೇ ಮಹಡಿಯಲ್ಲೂ ಒಂದು ಸ್ವಿಚ್ ಬೋರ್ಡು ಇದೆ, ಇದುವರೆಗೆ ಗಮನಿಸಿರಲಿಲ್ಲ. ಅದನ್ನೂ ನೋಡಿದೆ.

ಫೆಬ್ರವರಿ ೨೬

ಇವತ್ತು ಒಬ್ಬಳೇ ಒಬ್ಬ ವಿದ್ಯಾರ್ಥಿನಿ ಅಭ್ಯಾಸಕ್ಕೆ ಬಂದಿದ್ದಳು. ಬಿಳಿ ಕೋಟಿನ ತೋಳು ಬೆರಳಿನ ತುದಿಯವರೆಗೆ ಇಳಿದಿತ್ತು, ಅದನ್ನು ಮಡಚುವುದು, ಅದು ಜಾರುವುದು, ಮತ್ತೆ ಮಡಚುವುದು. ಮನಸ್ಸಿನಲ್ಲೇ ಉದ್ದತೋಳು ಎಂದು ಹೆಸರಿಟ್ಟೆ.

"ನಾನು ಹೋದ ಸಲ ಫೇಲು," ಎಂದಳು, ನನ್ನ ಎದೆಯನ್ನು ನೋಡುತ್ತ. "ಕೇಳಿಸಿದ್ದು ಸರೀನೇ ಇರುತ್ತೆ. ಪರೀಕ್ಷಕರು ಕಣ್ಣು ಬಿಟ್ಟ ತಕ್ಷಣ ನನಗೇ ನಂಬಿಕೆ ಹೋಗುತ್ತೆ."

ನನಗೆ ಅದು ಅರ್ಥವಾಯಿತು. ಹುಟ್ಟಿ ಇಪ್ಪತ್ತನಾಲ್ಕು ವರ್ಷವಾಯಿತು, ನನ್ನದೂ ಅದೇ ಕಥೆ. ಅವಳಿಗೆ ಹೇಳಿಕೊಟ್ಟೆ, ನಿಯಮಕ್ಕೆ ವಿರುದ್ಧ ಎಂದು ಗೊತ್ತಿದ್ದೂ. "ಬರ್ಕೊಳಿ. ಹೃದಯದ ತುದಿಯಲ್ಲಿ, ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ, ದೂರದ ಗುಡುಗಿನಂಥ ಗೊಣಗು. ಮುಂದಿನ ಬಡಿತಕ್ಕೆ ತುಸು ಮುಂಚೆ ಅದು ಏರುತ್ತದೆ."

"ಏರುತ್ತದೆ," ಎಂದು ಬರೆದುಕೊಂಡಳು.

"ಕೊನೇ ವಾಕ್ಯ ಬಿಡಬೇಡಿ. ಅಂಕ ಇರೋದೇ ಅದರಲ್ಲಿ. ಮೇಲಿನ ಕೋಣೆ ಕೊನೇಲಿ ಒಂದು ತಳ್ಳು ತಳ್ಳುತ್ತೆ, ಅದಕ್ಕೇ ಏರೋದು."

ಮನೆಗೆ ಬಂದು ಅದನ್ನೇ ತಿದ್ದಿ ಒಂದೂವರೆ ಪುಟ ಮಾಡಿದೆ. ನಾನು ಈವರೆಗೆ ಬರೆದ ಮಾದರಿ ಉತ್ತರಗಳಲ್ಲೇ ಉತ್ತಮವಾದದ್ದು.

ಮಾರ್ಚ್ ೪

ಗಿಡದ ಪಕ್ಕ ಒಂದು ಸ್ಟೂಲು ಬಂದಿದೆ. ಆ ಮನೆಯಲ್ಲಿರುವುದು ನಿವೃತ್ತ ಗಣಿತದ ಟೀಚರು, ಬಾಗಿಲು ತೆರೆದರೆ ನನಗೆ ಇವತ್ತಿಗೂ ಮಗ್ಗಿ ಕೇಳುತ್ತಾರೇನೋ ಎಂದು ಭಯ. ಗಿಡ ಎತ್ತರಕ್ಕಿಡಲು ತಂದಿರಬೇಕು. ಗಿಡ ಇನ್ನೂ ನೆಲದ ಮೇಲೇ ಇದ್ದುದರಿಂದ ಸ್ವಲ್ಪ ಹೊತ್ತು ನಾನೇ ಕುಳಿತೆ.

ಬಾಗಿಲು ತೆರೆಯಿತು.

"ಏನಪ್ಪಾ, ಗಿಡ ಚೆನ್ನಾಗಿದೆಯಾ?"

"ಚೆನ್ನಾಗಿದೆ ಟೀಚರ್."

"ಹೋದ ವಾರ ಮೂರು ನಿಮಿಷ ನೋಡ್ತಿದ್ದೆ. ಈಗ ಏಳು."

"ಎಲೆ ಜಾಸ್ತಿ ಆಗಿವೆ ಟೀಚರ್."

ಮಾರ್ಚ್ ೬

ಒಂದು ವಿಶೇಷ ನಡೆದಿದೆ. ಬರೆಯಲೇ ಸಂಕೋಚ.

ಮಧ್ಯಾಹ್ನ ಉದ್ದತೋಳು ಮತ್ತೆ ಅಭ್ಯಾಸಕ್ಕೆ ಬಂದಿದ್ದಳು. ನಾನು ಬರೆದು ಕೊಟ್ಟಿದ್ದ ಒಂದೂವರೆ ಪುಟವನ್ನು ಗಟ್ಟಿಯಾಗಿ ಒಪ್ಪಿಸಿದಳು. ನನ್ನ ವಾಕ್ಯಗಳು ಒಂದು ಹೆಣ್ಣಿನ ದನಿಯಲ್ಲಿ, ಅದೂ ನನ್ನದೇ ಹೃದಯದ ಬಗ್ಗೆ. ಆಚೆ ಬಂದು ಕಾಲೇಜಿನ ಮೆಟ್ಟಿಲಿಳಿಯುವಾಗ ಎದೆಯೊಳಗೆ ಯಾರೋ ಸೈಕಲ್ ಕಲಿಯಲು ಶುರು ಮಾಡಿದರು. ಎರಡು ತುಳಿತ, ಒಂದು ಜೋಲಿ, ಐದು ತುಳಿತ, ಬಿದ್ದರು, ಎದ್ದರು. ಸಂಜೆಯಾದರೂ ಆ ಪುಣ್ಯಾತ್ಮರು ಇಳಿದಿಲ್ಲ.

ಆರು ವರ್ಷ ಸಾಹಿತ್ಯ ಓದಿದ್ದೇನೆ. ಇದು ಏನೆಂದು ನನಗೆ ಗೊತ್ತಿದೆ.

ಮಾರ್ಚ್ ೭

ಗೊತ್ತಿತ್ತು. ನಿದ್ದೆಯಿಲ್ಲ. ಮಲಗಿದರೆ ಉಸಿರು ಕಟ್ಟಿದ ಹಾಗೆ, ಎದ್ದು ಕೂತರೆ ಹಾಯೆನಿಸುತ್ತದೆ. ಎರಡು ದಿಂಬು ಇಟ್ಟುಕೊಂಡೆ. ಊಟ ಸೇರುತ್ತಿಲ್ಲ. ಗೈಡಿನಲ್ಲಿ 'ವಿರಹದ ಲಕ್ಷಣಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ನಾನೇ ಬರೆದ ಉತ್ತರ ತೆಗೆದು ನೋಡಿದೆ. ಎಲ್ಲ ಅಂಶಗಳೂ ಇವೆ. ಹತ್ತಕ್ಕೆ ಹತ್ತು.

ಮಾರ್ಚ್ ೧೦

ಮೂರು ದಿಂಬು. ಅಮ್ಮನ ದಿಂಬನ್ನೂ ತೆಗೆದುಕೊಂಡೆ. ಅಮ್ಮ ನನ್ನ ಕಾಲಿನ ಕಡೆ ನೋಡಿದಳು. ಚಪ್ಪಲಿ ಬಿಗಿಯಾಗಿದೆ. ಹೊಸದು ಕೊಳ್ಳಬೇಕು.

ಗುಲ್ಮದ ತಾತನಲ್ಲಿ ಗುಟ್ಟು ಹೇಳಿದೆ. ಅವರು ನನ್ನ ಮುಂಗೈ ಹಿಡಿದು ಗಂಭೀರವಾಗಿ ನಾಡಿ ನೋಡಿದರು.

"ನನಗೂ ಹೀಗೇ ಆಗಿತ್ತು, ನಿಮ್ಮಜ್ಜಿಯನ್ನ ನೋಡಿದಾಗ," ಎಂದರು. "ಆದ್ರೆ ನನಗೆ ಒಂದೇ ದಿಂಬು ಸಾಕಿತ್ತು."

"ನನ್ನದು ಗಾಢವಾದದ್ದು, ತಾತ."

"ಡಾಕ್ಟರಮ್ಮಂಗೆ ತೋರ್ಸೋ."

"ಪ್ರೀತಿಗೆ ಡಾಕ್ಟರಮ್ಮ ಏನು ಮಾಡ್ತಾರೆ? ನಾಲ್ಕು ದಿನ ಬಿಟ್ಟು ಪರೀಕ್ಷೆ. ಆಮೇಲೆ ನೋಡೋಣ."

ತಾತ ತಮ್ಮ ಬಿಸ್ಕೆಟಿನ ಪೊಟ್ಟಣವನ್ನು ನನ್ನ ಕೈಗಿಟ್ಟರು. ಅವರು ಬಿಸ್ಕೆಟ್ ಯಾರಿಗೂ ಕೊಡುವವರಲ್ಲ.

ಮಾರ್ಚ್ ೧೪

ನಡೆದ ಹಾಗೇ ಬರೆಯುತ್ತೇನೆ. ವಾರ್ಡಿನ ಮಂಚದ ಮೇಲೆ ಕುಳಿತಿದ್ದೇನೆ.

ಬೆಳಗ್ಗೆ ಯಾರಿಗೆ ಯಾವ ರೋಗಿ ಎಂದು ಚೀಟಿ ಎತ್ತಿದಾಗ ನಾನು ಉದ್ದತೋಳಿಗೇ ಬಂದೆ. ಪರದೆಯ ಹಿಂದೆ ನಾವಿಬ್ಬರೇ, ಮುಕ್ಕಾಲು ಗಂಟೆ. ಅವಳು ನಾಡಿ ಹಿಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಹಿಡಿದಳು. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ಎಷ್ಟು ಹೊತ್ತು ಕೇಳಿದಳೆಂದರೆ ನನಗೆ ಕಣ್ಣು ಮಂಜಾಯಿತು. ಆಮೇಲೆ ಕಾಗದದಲ್ಲಿ ಏನೋ ಬರೆದಳು.

"ನಾಡಿ ಒಂಥರಾ ಇದೆ. ತಾಳವೇ ಇಲ್ಲ," ಎಂದಳು ಮೆಲ್ಲಗೆ. "ಕೊನೇಲಿ ಏರೋದೂ ಕೇಳಿಸ್ತಿಲ್ಲ."

"ಏರುತ್ತೆ," ಎಂದೆ. "ಹದಿನೈದು ವರ್ಷದಿಂದ ಏರ್ತಿದೆ."

"ಕೇಳಿಸ್ತಿಲ್ಲ ಅಲ್ಲಾ."

"ಹೆದರಿದ್ದೀರಿ, ಅದಕ್ಕೆ. ಹೋದ ಸಲದ ಹಾಗೆ ಮಾಡ್ಕೋಬೇಡಿ. ಏರುತ್ತೆ ಅಂತಾನೇ ಬರೀರಿ."

"ಮತ್ತೆ ನಾಡಿ?"

"ಅದಕ್ಕೆ ಬೇರೆ ಕಾರಣ ಇದೆ," ಎಂದು ಗೋಡೆಯ ಕಡೆ ತಿರುಗಿದೆ.

ಅವಳು ಬರೆದದ್ದನ್ನು ಅಳಿಸಿದಳು. ರಬ್ಬರಿನ ಪುಡಿ ನನ್ನ ಹೊಟ್ಟೆಯ ಮೇಲೆ ಬಿತ್ತು.

ಪರೀಕ್ಷಕರು ಬಂದರು. ಬೇರೆ ಊರಿನವರು, ವಯಸ್ಸಾದವರು, ಕಿವಿಯ ಮೇಲೆ ಬೆಳ್ಳಗಿನ ಕೂದಲು. ಅವಳು ನನ್ನ ಒಂದೂವರೆ ಪುಟವನ್ನು ಒಂದು ಉಸಿರಿನಲ್ಲಿ ಒಪ್ಪಿಸಿದಳು. 'ದೂರದ ಗುಡುಗಿನಂಥ' ಎನ್ನುವಾಗ ನಾನು ಹಿತವಾಗಿ ಕಣ್ಣು ಮುಚ್ಚಿದ್ದೆ. 'ಏರುತ್ತದೆ' ಎಂದು ಮುಗಿಸಿದಳು. ಅವರು ನನ್ನ ನಾಡಿ ಹಿಡಿದರು. ಎದೆಗೆ ಸ್ಟೆತೊಸ್ಕೋಪ್ ಇಟ್ಟರು. ಆಮೇಲೆ ಅವರ ಮುಖ ಪರೀಕ್ಷಕರ ಮುಖವಾಗಿ ಉಳಿಯಲಿಲ್ಲ.

"ಇವರ ಮೇಲಿನ ಕೋಣೆ ಬಡೀತಾನೇ ಇಲ್ಲ, ಬರೀ ನಡುಗ್ತಿದೆ," ಎಂದರು. "ತಳ್ಳೋಕೆ ಶಕ್ತಿನೇ ಇಲ್ಲದ ಮೇಲೆ ಕೊನೇಲಿ ಏರೋದು ಎಲ್ಲಿಂದಮ್ಮಾ ಬಂತು?" ಅವಳ ಕಾಗದವನ್ನು ಬೆಳಕಿಗೆ ಹಿಡಿದು, "ಇಲ್ಲಿ ಸರಿಯಾಗಿ ಬರೆದು ಅಳಿಸಿದ್ದೀಯಲ್ಲ. ಯಾಕೆ?" ಎಂದರು.

ಉದ್ದತೋಳು ತೋಳು ಮಡಚಿದಳು. ನನ್ನ ಹೆಸರು ಹೇಳಲಿಲ್ಲ.

ಪರೀಕ್ಷಕರ ಹಿಂದೆ ಬಂದ ಗುಮಾಸ್ತರು, ಕಾಲೇಜಿನವರು ಸೇರಿ ಅಲ್ಲಿ ಆರು ಜನರಿದ್ದರು. ನಾನು ಎದ್ದು ಕುಳಿತೆ. ಅಷ್ಟು ಜನರ ಮುಂದೆ ಯಾರೂ ಕೇಳದೆ ಮಾತಾಡಿದ್ದು ಇದೇ ಮೊದಲು.

"ನಾನೇ ಹೇಳ್ಕೊಟ್ಟೆ ಸರ್. ಅದು ನಾನು ಬರೆದ ಉತ್ತರ. ಅವರಿಗೆ ಸರಿಯಾಗೇ ಕೇಳಿಸಿತ್ತು. ಅಳಿಸಿ ಅಂದಿದ್ದು ನಾನು."

"ನಿಮ್ಮ ಎದೆ ಬದಲಾಗಿರೋದು ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಿತ್ತು ಸರ್. ನಾನು ಅದನ್ನ ಪ್ರೀತಿ ಅಂದ್ಕೊಂಡೆ."

ಪರದೆಯ ಆಚೆಯಿಂದ ಗುಲ್ಮದ ತಾತ ಕೆಮ್ಮಿದ ಸದ್ದು ಕೇಳಿಸಿತು.

ಪರೀಕ್ಷಕರು ಅವಳ ಕಡೆ ತಿರುಗಿದರು. "ರೋಗಿ ಹೇಳಿದ್ದನ್ನ ಕೇಳಬೇಕು. ಆದ್ರೆ ನಿನ್ನ ಕಿವಿಗೆ ಕೇಳಿದ್ದನ್ನ ಅಳಿಸಬಾರದು. ಸೆಪ್ಟೆಂಬರ್‌ನಲ್ಲಿ ಬಾ." ಆಮೇಲೆ ಗುಮಾಸ್ತರಿಗೆ, "ಗಾಲಿ ಕುರ್ಚಿ ತನ್ನಿ. ಇವರು ಮನೆಗೆ ಹೋಗೋ ಹಾಗಿಲ್ಲ."

ಹೀಗೆ ಒಂದೇ ಉತ್ತರದಲ್ಲಿ ಇಬ್ಬರನ್ನು ಫೇಲು ಮಾಡಿದ್ದೇನೆ.

ಮಾರ್ಚ್ ೧೫

ಡಾಕ್ಟರಮ್ಮ ಬೈಯುತ್ತಾರೆಂದು ಕಾದಿದ್ದೆ, ಬೈಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

"ತಾಳ ತಪ್ಪಿದ್ದು ಯಾವತ್ತಿಂದ? ಸರಿಯಾಗಿ ಹೇಳಿ. ಹೆಪ್ಪುಗಟ್ಟಿದೆಯಾ ಇಲ್ವಾ ಅನ್ನೋದಕ್ಕೆ ದಿನ ಮುಖ್ಯ. ಹೆಪ್ಪಿದ್ರೆ ಬಲೂನು ಹಾಕೋ ಹಾಗಿಲ್ಲ."

"ಆರನೇ ತಾರೀಕು, ಮಧ್ಯಾಹ್ನ ಮೂರೂ ಕಾಲು."

"ಅಷ್ಟು ಖಚಿತವಾಗಿ ಹೇಗೆ ಗೊತ್ತು?"

ನನ್ನ ಕಣ್ಣು ದಿಂಬಿನ ಕೆಳಗೆ ಹೋಯಿತು. ಅವರ ಕಣ್ಣು ಅದರ ಹಿಂದೆಯೇ ಹೋಯಿತು. ನಾನು ಬೇಡವೆನ್ನುವಷ್ಟರಲ್ಲಿ ಈ ಡೈರಿ ಅವರ ಕೈಯಲ್ಲಿತ್ತು.

ನಿಂತೇ ಓದಿದರು. ಫೆಬ್ರವರಿಯಿಂದ. ಒಂದು ಕಡೆ ಅವರ ತುಟಿ ಅಲುಗಿತು, ಉದ್ದತೋಳಿನ ಪುಟವಿರಬೇಕು. ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡೆ. ಓದುತ್ತ ಓದುತ್ತ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಅವರು ಹೋದ ಮೇಲೆ ಅದನ್ನು ಕದ್ದು ನೋಡಿದೆ. 'ಫೆ. ೩, ಗಿಡ. ಫೆ. ೧೮, ಸ್ವಿಚ್ ಬೋರ್ಡು. ಮಾ. ೪, ಸ್ಟೂಲು. ಮಾ. ೭, ದಿಂಬು ಎರಡು. ಮಾ. ೧೦, ದಿಂಬು ಮೂರು, ಚಪ್ಪಲಿ ಬಿಗಿ.' ನಾನು ಪ್ರೇಮಕಥೆ ಎಂದು ಬರೆದದ್ದರಲ್ಲಿ ಪ್ರೇಮವನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿತ್ತು. ಅಂಥ ಓದುಗರು ನನಗೆ ಇದುವರೆಗೆ ಸಿಕ್ಕಿರಲಿಲ್ಲ. ಮತ್ತೊಮ್ಮೆ ಸಿಗುವುದೂ ಬೇಡ.

ಮಾರ್ಚ್ ೧೬

ಗಂಟಲಿನಲ್ಲಿ ನಳಿಗೆ ಇಳಿಸಿ ಒಳಗೆ ನೋಡಿದರು. ಹೆಪ್ಪಿಲ್ಲ.

ಅಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಅತ್ತಳಂತೆ. ಅಕ್ಕ ಹೇಳಿದಳು. ಒಳಗೆ ಬಂದಾಗ ಮಾತ್ರ, "ಎಲ್ಲಿ ನನ್ನ ದಿಂಬು?" ಎಂದಳು.

ಮಾರ್ಚ್ ೧೭

ನಾಳೆ ಬಲೂನು. ಹೆದರಿಕೆಯಾಗಿದೆ. ಫೆಬ್ರವರಿ ೧೧ರಂದೂ ಆಗಿತ್ತು. ಅಲ್ಲಿ ತಪ್ಪಾಗಿ ಬರೆದಿದ್ದೇನೆ.

ಮಾರ್ಚ್ ೨೦

ಆಯಿತು. ಇದ್ದೇನೆ.

ಡಾಕ್ಟರಮ್ಮ ಬಲೂನು ಉಬ್ಬಿಸಿದ ಆ ಕೆಲವು ಕ್ಷಣ ಎಚ್ಚರವಿತ್ತು. ಕಿಟಕಿ ತೆರೆಯಲು ಬಾರದ ಕೋಣೆಯಲ್ಲಿ ಹದಿನೈದು ವರ್ಷ ಇದ್ದು, ಯಾರೋ ಒದ್ದು ತೆರೆದ ಹಾಗಾಯಿತು. ನಿನ್ನೆ ಮದ್ದಿನಿಂದ ತಾಳವೂ ಸರಿಯಾಯಿತು. ಸೈಕಲ್ಲಿನವರು ಇಳಿದು ಮನೆಗೆ ಹೋದರು. ಒಂದೇ ದಿಂಬಿನಲ್ಲಿ ಮಲಗಿದೆ. ನರ್ಸಮ್ಮ ಎಬ್ಬಿಸಿದಾಗ ಬೆಳಗ್ಗೆ ಹತ್ತು ಗಂಟೆ.

ಸಂಜೆ ಉದ್ದತೋಳು ಬಂದಳು. ಮಂಚದ ಕಾಲಿನ ಬಳಿಯೇ ನಿಂತಳು.

"ನಿಮ್ಮಿಂದ ಫೇಲಾದೆ," ಎಂದಳು.

"ಹೌದು. ತಪ್ಪಾಯ್ತು."

"ಮನೇಲಿ ಅಪ್ಪ ಮಾತಾಡ್ತಿಲ್ಲ."

ತಾತ ಕೊಟ್ಟ ಬಿಸ್ಕೆಟಿನ ಪೊಟ್ಟಣವನ್ನು ಮುಂದೆ ಚಾಚಿದೆ. ಒಂದು ತೆಗೆದುಕೊಂಡು ಕಚ್ಚಿದಳು.

"ಮೆತ್ತಗಾಗಿದೆ," ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಸೆಪ್ಟೆಂಬರ್‌ನಲ್ಲಿ ನನಗೆ ನೀವೇ ಬಂದ್ರೆ ಬಾಯಿ ಮುಚ್ಕೊಂಡು ಮಲಗಿರಿ. ಒಂದು ಅಕ್ಷರ ಆಡಕೂಡದು."

ನಾಡಿ ಮುಟ್ಟಿ ನೋಡಿಕೊಂಡೆ. ಎಪ್ಪತ್ತೆರಡು. ಒಂದು ಬಗೆಯ ನಿರಾಸೆಯೇ ಆಯಿತು.

ಏಪ್ರಿಲ್ ೨

ಇವತ್ತು ತರಕಾರಿ ಚೀಲ ಹಿಡಿದು ಮೇಲೆ ಬರುವಾಗ ಏನೋ ತಪ್ಪಿದೆ ಎನಿಸಿತು. ಮನೆಯ ಬಾಗಿಲು ತೆರೆದ ಮೇಲೆ ಹೊಳೆಯಿತು, ಗಿಡ ನೋಡುವುದನ್ನು ಮರೆತಿದ್ದೆ. ಪಾಪ ಎನಿಸಿ ವಾಪಸ್ ಇಳಿದೆ. ಟೀಚರು ಬಾಗಿಲಲ್ಲೇ ನಿಂತಿದ್ದರು.

"ಇನ್ನು ಸ್ಟೂಲು ಒಳಗಿಡ್ಲಾ?"

"ಗಿಡಕ್ಕೆ ಬೇಡ್ವಾ ಟೀಚರ್?"

"ಗಿಡಕ್ಕೆ ಯಾಕಪ್ಪಾ ಸ್ಟೂಲು? ಅದೇನು ಮೂರನೇ ಮಹಡಿಗೆ ಹತ್ತುತ್ತಾ?"

ನಾನು ಸ್ಟೂಲಿನ ಮೇಲೆ ಕುಳಿತೆ. ಅವರು ಒಳಗಿಂದ ಇನ್ನೊಂದು ತಂದು ಪಕ್ಕದಲ್ಲಿ ಕುಳಿತರು. ಹದಿನೇಳರ ಮಗ್ಗಿ ಕೇಳಿದರು. ಹದಿನೇಳು ಏಳರವರೆಗೆ ಬಂತು.

ಜೂನ್ ೯

ಗುಮಾಸ್ತರು ನನ್ನನ್ನು ಪಟ್ಟಿಯಿಂದ ತೆಗೆದರು. "ನಿನ್ನಲ್ಲಿ ಈಗ ಏನೂ ಇಲ್ಲ ಕವಾಟ," ಎಂದರು, ಕನಿಕರದಿಂದ. ಆ ಜ್ವರ ಮರುಕಳಿಸದಿರಲೆಂದು ಮೂರು ವಾರಕ್ಕೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದು ಇದ್ದೇ ಇದೆ ಎಂದೆ. ಅದು ಯಾರ ಕಿವಿಗೂ ಕೇಳುವುದಿಲ್ಲವಲ್ಲ ಎಂದರು.

ತಾತ ಬೆನ್ನು ತಟ್ಟಿದರು. "ಬೇಜಾರಾಗಬೇಡ. ನಿನಗೆ ವಯಸ್ಸಿದೆ, ಬೇರೆ ಏನಾದ್ರೂ ಬರುತ್ತೆ."

ಪ್ರಕಾಶಕರಿಗೂ ಒಂದು ಮಾತು ಹೇಳಿದೆ, ಮುಂದಿನ ಗೈಡಿನಲ್ಲಿ ಹತ್ತು ಅಂಕದ ಉತ್ತರಗಳ ಕೊನೆಯ ವಾಕ್ಯದ ಜಾಗ ಖಾಲಿ ಬಿಡೋಣ, ಮಕ್ಕಳೇ ಬರೆಯಲಿ ಎಂದು. ಅವರು ನನ್ನನ್ನು ದಿಟ್ಟಿಸಿ, "ನೀನು ಇಷ್ಟು ಮಾತಾಡೋದು ಯಾವಾಗ ಕಲಿತೆ?" ಎಂದರು. ನಾನು ಯಾವಾಗಲೂ ಹೀಗೇ ಇದ್ದೇನೆ.

ಸೆಪ್ಟೆಂಬರ್ ೧೨

ಗುಮಾಸ್ತರು ಮೊನ್ನೆ ಮನೆಗೇ ಬಂದು ಕರೆದರು. ಅದೇ ಹಿರಿಯ ಪರೀಕ್ಷಕರು ಬಂದಿದ್ದಾರಂತೆ, ಚಿಕಿತ್ಸೆಯಾದ ಒಂದು ಎದೆ ಬೇಕೆಂದು ಕೇಳಿದ್ದಾರಂತೆ. ಬನಿಯನ್ ಒಗೆದದ್ದು ಹಾಕಿಕೊಂಡು ಹೋದೆ. ಚೀಟಿ ಎತ್ತಿ ನನ್ನ ಬಳಿ ಬಂದವರಲ್ಲಿ ನಾಲ್ಕನೆಯವಳು ಉದ್ದತೋಳು. ಪರದೆ ಸರಿಸಿ ನನ್ನನ್ನು ನೋಡಿದಳು, ತುಟಿಯ ಮೇಲೆ ಬೆರಳಿಟ್ಟಳು. ಕೋಟು ಹೊಸದು, ತೋಳು ಸರಿಯಾದ ಅಳತೆಯದು. ಇನ್ನು ಅವಳಿಗೆ ಬೇರೆ ಹೆಸರು ಹುಡುಕಬೇಕು.

ಗಂಟಲು ನೋವು, ಮೊಣಕಾಲು, ಬಲೂನು, ಮೂರು ವಾಕ್ಯದಲ್ಲಿ ಮುಗಿಸಿದೆ. ಆಮೇಲೆ ಬಾಯಿ ತೆರೆಯಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು, ಬರೆದಳು, ಮತ್ತೆ ಕೇಳಿದಳು. ರಬ್ಬರು ಮುಟ್ಟಲಿಲ್ಲ.

ಪರೀಕ್ಷಕರು ಬಂದರು. "ಹೇಳಮ್ಮಾ."

"ಗೊಣಗು ತುಂಬಾ ಮೆಲ್ಲಗಿದೆ ಸರ್, ಕಷ್ಟಪಟ್ಟರೆ ಕೇಳುತ್ತೆ. ಕೊನೇಲಿ ಸ್ವಲ್ಪವೇ ಏರುತ್ತೆ. ನಾಡಿ ತೊಂಬತ್ತಾರು. ತಾಳ ತಪ್ಪಿಲ್ಲ."

"ತೊಂಬತ್ತಾರು? ಬೆಳಗ್ಗೆ ನಾನು ನೋಡ್ದಾಗ ಎಪ್ಪತ್ತು ಇತ್ತು. ಇನ್ನೊಂದು ಸಲ ಎಣಿಸು."

ಅವಳು ಮತ್ತೆ ನನ್ನ ಮುಂಗೈ ಹಿಡಿದಳು. ಒಂದು ನಿಮಿಷ ಪೂರ್ತಿ.

"ನೂರಾ ಎರಡು ಸರ್."

"ಜ್ವರ?"

"ಇಲ್ಲ."

"ಮೆಟ್ಟಿಲು ಹತ್ತಿ ಬಂದ್ರಾ ಇವರು?"

"ಅರ್ಧ ಗಂಟೆಯಿಂದ ಮಲಗೇ ಇದ್ದಾರೆ ಸರ್."

"ಹಾಗಾದ್ರೆ ಇಷ್ಟು ವೇಗ ಯಾಕೆ?"

ಅವಳು ನನ್ನ ಮುಖ ನೋಡಿದಳು. ನಾನು ಫ್ಯಾನು ನೋಡಿದೆ.

"ಗೊತ್ತಿಲ್ಲ ಸರ್," ಎಂದಳು, ನಿಧಾನವಾಗಿ, ಕಣ್ಣು ತಗ್ಗಿಸದೆ. "ಆದ್ರೆ ನಾನು ಎಣಿಸಿದ್ದು ಸರಿಯಾಗಿದೆ."

ಪರೀಕ್ಷಕರು ಕೈಯಲ್ಲಿದ್ದ ಪಟ್ಟಿಯಲ್ಲಿ ಏನೋ ಗೀಚಿ, "ಆಗಲಿ, ಹೋಗಮ್ಮಾ, ಡಾಕ್ಟರಾಗು," ಎಂದರು. ಪರದೆಯ ಆಚೆ ಗುಲ್ಮದ ತಾತ ಕೆಮ್ಮಿದರು.

ಆ ಪ್ರಶ್ನೆಗೆ ಹತ್ತು ಅಂಕದ ಉತ್ತರ ನನಗೆ ಪೂರ್ತಿ ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಮಲಗಿದ್ದೆ.